ಕೂದಲೆಳೆಯಷ್ಟು ಉಬ್ಬು

ಅವನನ್ನು ಎಲ್ಲರೂ ನೇರಪ್ಪ ಅಂತಲೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಅದು ಕರೆಂಟ್ ಬಿಲ್ಲಿನಲ್ಲಿ ಬಿಟ್ಟರೆ ಇನ್ನೆಲ್ಲೂ ಉಳಿದಿರಲಿಲ್ಲ. ಮೇಜಿನ ಮೇಲೆ ಕೋಲಿನಿಂದ ಚೆಂಡು ಹೊಡೆಯುವ ಪೂಲ್ ಆಟದವರಿಗೆ ಕೋಲು ಮಾಡಿಕೊಡುವುದು ಅವನ ಕಸುಬು. ಅಂಗಡಿಯಲ್ಲಿ ಕಟ್ಟುಗಟ್ಟಲೆ ಸಿಗುವ ಕೋಲಲ್ಲ, ಒಬ್ಬೊಬ್ಬರಿಗೂ ಅಳತೆ ತೆಗೆದು ಕೈಯಾರೆ ಮಾಡುವ ಕೋಲು. ನೇರವಾಗಿದೆಯೋ ಇಲ್ಲವೋ ಅಂತ ಒಂದು ಕಣ್ಣು ಮುಚ್ಚಿ ನೋಡಿ ನೋಡಿ, ಕೊನೆಗೆ ಎಲ್ಲವನ್ನೂ ಹಾಗೇ ನೋಡುವ ಚಾಳಿ ಹತ್ತಿಬಿಟ್ಟಿತ್ತು. ಯಾರ ಮನೆಗಾದರೂ ಹೋದರೆ ಮೊದಲು ಬಾಗಿಲ ಚೌಕಟ್ಟು ನೋಡುತ್ತಿದ್ದ, ಆಮೇಲೆ ಕುರ್ಚಿಯ ಕಾಲು, ಆಮೇಲೆ ಮನೆಯವರ ಮುಖ. ಚೌಕಟ್ಟು ವಾಲಿದ್ದರೆ ಮುಖದ ತನಕ ಹೋಗುತ್ತಲೇ ಇರಲಿಲ್ಲ.

ಮನೆಯ ಹಿಂದೆ ಒಂದು ಉದ್ದನೆಯ ಕೋಣೆ. ಅದರಲ್ಲಿ ಮರವನ್ನು ಗಿರಗಿರ ತಿರುಗಿಸಿ ಸವರುವ ಒಂದು ಲೇಥ್, ಗೋಡೆಗೆ ಒತ್ತಿಕೊಂಡ ಮರದ ಮೇಜು, ಮೇಜಿನ ಮೇಲೆ ದಪ್ಪ ಗಾಜಿನ ಹಲಗೆ. ಸೂರಿನ ತೊಲೆಗೆ ಸಾಲಾಗಿ ಕೊಕ್ಕೆ, ಕೊಕ್ಕೆಗೊಂದು ಮರದ ಕೋಲು. ಗೊತ್ತಿಲ್ಲದವರು ಒಳಗೆ ಬಂದರೆ ತಲೆಗೆ ಟಣ್ಣನೆ ತಾಗುತ್ತಿತ್ತು. ನೇರಪ್ಪ ತಲೆ ಸವರಿಕೊಳ್ಳುವವರನ್ನು ಬಿಟ್ಟು ಅಲ್ಲಾಡುವ ಕೋಲನ್ನು ಹಿಡಿದು ನಿಲ್ಲಿಸುತ್ತಿದ್ದ.

ಅವನನ್ನು ಬೈದು ಪ್ರಯೋಜನವಿಲ್ಲ, ಆ ಕೆಲಸವೇ ಅಂಥದ್ದು. ಕೋಲಿಗೆ ಎರಡು ಭಾಗ. ಹಿಂದಿನ ದಪ್ಪ ಭಾಗ ಹಿಡಿ, ಮುಂದಿನ ತೆಳು ಭಾಗ ಶಾಫ್ಟ್. ನಡುವೆ ಒಂದು ತಿರುಪು. ಹಿಡಿಯಲ್ಲಿ ಬಣ್ಣಬಣ್ಣದ ಮರ, ಕುಸುರಿ, ಎಲ್ಲ ಇರುತ್ತದೆ. ನೋಡುವವರ ಕಣ್ಣು ಅಲ್ಲಿಗೇ ಹೋಗುತ್ತದೆ. ಆಡುವವರ ಜೀವ ಮಾತ್ರ ಶಾಫ್ಟಿನಲ್ಲಿ. ಮೇಪಲ್ ಮರದ ತುಂಡನ್ನು ಲೇಥಿಗೆ ಕಟ್ಟಿ ಒಂದು ಸುತ್ತು ಸವರಿದರೆ, ಮತ್ತೆ ಮೂರು ತಿಂಗಳು ಅದರ ತಂಟೆಗೆ ಹೋಗುವಂತಿಲ್ಲ. ನೇತುಹಾಕಿ ಬಿಡಬೇಕು. ಮರಕ್ಕೆ ಸೊಟ್ಟಗಾಗುವ ಮನಸ್ಸಿದ್ದರೆ ಅಷ್ಟರಲ್ಲಿ ಆಗಿಬಿಡುತ್ತದೆ, ಅದನ್ನು ಒಲೆಗೆ ಹಾಕಬಹುದು. ಉಳಿದದ್ದನ್ನು ಇನ್ನೊಂದು ಸುತ್ತು ಸವರಬೇಕು, ಮತ್ತೆ ನೇತುಹಾಕಬೇಕು. ಹೀಗೆ ಏಳೆಂಟು ಸಲ. ಎರಡು ವರ್ಷಕ್ಕೆ ಒಂದು ಶಾಫ್ಟ್ ಕೈಗೆ ಬರುತ್ತದೆ. ಅವಸರ ಮಾಡಿದವನ ಕೋಲು ಮೊದಲ ಬೇಸಿಗೆಗೇ ಬಾಗಿ ನಮಸ್ಕಾರ ಮಾಡುತ್ತದೆ.

ಇಷ್ಟೆಲ್ಲ ತಾಳ್ಮೆ ಇದ್ದವನಿಗೆ ಒಂದೇ ಒಂದು ವಿಷಯದಲ್ಲಿ ತಾಳ್ಮೆ ಇರಲಿಲ್ಲ. ಅದು ಅವನ ಭಾಮೈದ.

ಹೆಂಡತಿಯ ತಮ್ಮ. ಹತ್ತು ವರ್ಷದ ಹಿಂದೆ ಕೆಲಸ ಕಳೆದುಕೊಂಡು, ಒಂದು ಚೀಲ ಹಿಡಿದುಕೊಂಡು ಅಕ್ಕನ ಮನೆಗೆ ಬಂದಿದ್ದ. ನೇರಪ್ಪನೇ ಕರೆದು ಲೇಥಿನ ಮುಂದೆ ನಿಲ್ಲಿಸಿದ. ಉಳಿ ಹಿಡಿಯುವುದನ್ನು ಕಲಿಸಿದ, ಅಂಟು ಕಲಸುವುದನ್ನು ಕಲಿಸಿದ, ಮರವನ್ನು ಕಿವಿಯ ಹತ್ತಿರ ಹಿಡಿದು ತಟ್ಟಿ ನೋಡುವುದನ್ನು ಕಲಿಸಿದ. ಏಳು ವರ್ಷ ಮನೆಯ ಅನ್ನ, ಮನೆಯ ಕೆಲಸ. ಆಮೇಲೆ ಆ ಪುಣ್ಯಾತ್ಮ ತಲೆ ಕೆರೆದುಕೊಳ್ಳುತ್ತ ಬಂದು, ಪಕ್ಕದ ಬೀದಿಯಲ್ಲಿ ಒಂದು ಕೋಣೆ ನೋಡಿದ್ದೇನೆ ಭಾವ, ನೀವು ಹೂಂ ಅಂದರೆ, ಅಂದ. ನೇರಪ್ಪ ಹೂಂ ಅಂದ. ಹೊಸ ಕೋಣೆಯ ಬಾಗಿಲನ್ನು ಅವನೇ ಹೋಗಿ ನೆಟ್ಟಗೆ ಮಾಡಿಸಿಕೊಟ್ಟ. ಆಗ ಅವನ ಲೆಕ್ಕವೇ ಬೇರೆ ಇತ್ತು: ಆರು ತಿಂಗಳಲ್ಲಿ ಸೋತು ವಾಪಸು ಬರುತ್ತಾನೆ, ಬಂದಾಗ ದೊಡ್ಡ ಮನಸ್ಸು ಮಾಡಿ ಕರೆದುಕೊಂಡರಾಯಿತು.

ಅವನು ವಾಪಸು ಬರಲಿಲ್ಲ. ಪೂಲ್ ಕ್ಲಬ್ಬಿನವರು ಒಬ್ಬೊಬ್ಬರಾಗಿ ಆ ಬೀದಿಗೆ ತಿರುಗಿದರು. ಇವನಿಗೂ ಕೆಲಸಕ್ಕೇನೂ ಕೊರತೆ ಇರಲಿಲ್ಲ, ಹಳಬರು ಇವನ ಹತ್ತಿರವೇ ಬರುತ್ತಿದ್ದರು. ಆದರೆ ಬಂದವರು ಸುಮ್ಮನೆ ಇರಬಾರದೇ. ನಿಮ್ಮ ಭಾಮೈದನ ಕೈ ಚೆನ್ನಾಗಿದೆ ಕಣ್ರೀ, ಎಷ್ಟಾದರೂ ನಿಮ್ಮ ಶಿಷ್ಯ ತಾನೇ, ಅನ್ನುತ್ತಿದ್ದರು. ನೇರಪ್ಪ ಹಲ್ಲು ಬಿಟ್ಟು ನಗುತ್ತಿದ್ದ. ಅವರು ಗೇಟು ದಾಟಿದ ಮೇಲೆ ಉಪ್ಪುಕಾಗದ ತಗೊಂಡು, ಆಗಲೇ ನುಣುಪಾಗಿದ್ದ ಮರವನ್ನೇ ಇನ್ನೊಂದು ಅರ್ಧ ಗಂಟೆ ತಿಕ್ಕುತ್ತಿದ್ದ. ಹೊಟ್ಟೆಕಿಚ್ಚು ಅಂತ ಅದನ್ನು ಕರೆಯಲು ಅವನು ತಯಾರಿರಲಿಲ್ಲ. ಹೆಂಡತಿ ಮಾತ್ರ ಸಲೀಸಾಗಿ ಕರೆಯುತ್ತಿದ್ದಳು. ನಿಮಗೆ ಒಂದು ಸೀನು ಬಂದರೂ ಅದನ್ನು ನನ್ನ ತಮ್ಮನ ಮೇಲೆ ಹಾಕುತ್ತೀರಿ, ಅಂತ ಅವಳ ದೂರು.

ಊರವರೆಲ್ಲ ಹೋದರೂ ಅವನು ಹೇಗೋ ಸಹಿಸಿಕೊಳ್ಳುತ್ತಿದ್ದ. ಕೊನೆಗೆ ಮಗಳೂ ಹೋದಳು.

ಇದ್ದವಳು ಅವಳೊಬ್ಬಳೇ. ಇಪ್ಪತ್ತನಾಲ್ಕು ವರ್ಷ. ಬೆಳಗ್ಗೆ ಒಂದು ಔಷಧಿ ಗೋದಾಮಿನಲ್ಲಿ ಕೆಲಸ, ಸಂಜೆ ಕ್ಲಬ್ಬಿನಲ್ಲಿ ಆಟ. ಎಂಟು ವರ್ಷದವಳಿದ್ದಾಗ ಅಪ್ಪ ಮಾಡಿಕೊಟ್ಟ ಗಿಡ್ಡ ಕೋಲು ಹಿಡಿದು ಸ್ಟೂಲಿನ ಮೇಲೆ ನಿಂತು ಆಡಲು ಶುರುಮಾಡಿದವಳು, ಈಗ ಆ ಕ್ಲಬ್ಬಿನಲ್ಲಿ ಗಂಡಸರಿಗೂ ನೀರು ಕುಡಿಸುತ್ತಿದ್ದಳು. ಆ ತಿಂಗಳ ಕೊನೆಯ ಭಾನುವಾರ ಹದಿನಾರು ಕ್ಲಬ್ಬುಗಳ ದೊಡ್ಡ ಪಂದ್ಯ. ಅದಕ್ಕೆ ಹೊಸ ಕೋಲು ಬೇಕಾಗಿತ್ತು. ಇದು ನೇರಪ್ಪನಿಗೂ ಗೊತ್ತಿತ್ತು. ಅವಳಿಗೆ ಅಂತಲೇ ಹನ್ನೆರಡು ಶಾಫ್ಟುಗಳನ್ನು ಏಳು ವರ್ಷದಿಂದ ತೊಲೆಯ ಕೊನೆಯಲ್ಲಿ ನೇತುಹಾಕಿದ್ದ. ಕೊನೆಯ ಒಂದು ಸುತ್ತು ಬಾಕಿ ಇಟ್ಟು, ಅವಳು ಬಂದು ಕೇಳಲಿ ಅಂತ ಕಾದಿದ್ದ. ತಾನಾಗಿ ಹೋಗಿ ಮಾಡಿಕೊಡಲಾ ಅಂತ ಕೇಳುವುದು ಅವನ ಜಾಯಮಾನದಲ್ಲೇ ಇರಲಿಲ್ಲ.

ಅವಳು ಕೇಳಲಿಲ್ಲ. ಮಾವನಿಗೆ ಹೇಳಿದ್ದಾಳಂತೆ ಅಂತ ಹೆಂಡತಿ ಪಾತ್ರೆ ತೊಳೆಯುತ್ತ, ಬೆನ್ನು ತಿರುಗಿಸಿಕೊಂಡೇ ಹೇಳಿದಳು. ನೇರಪ್ಪ ಒಳ್ಳೆಯದಾಯಿತು ಅಂದ. ಆ ದಿನ ಊಟಕ್ಕೆ ಕೂತವನು ಅರ್ಧದಲ್ಲೇ ಕೈ ತೊಳೆದ. ತನ್ನ ಹೆಂಡತಿ, ತನ್ನ ಅನ್ನ, ತನ್ನ ವಿದ್ಯೆ, ಎಲ್ಲ ಭಾಮೈದನಿಗೂ ಸೇರಿದ್ದು ಅಂತಾಯಿತು, ಈಗ ಮಗಳೂ. ಹೀಗೆ ಅನ್ನಿಸಿದ್ದಕ್ಕೆ ಅವನಿಗೆ ನಾಚಿಕೆಯೂ ಆಯಿತು, ನಾಚಿಕೆಯಿಂದ ಉರಿಯೇನೂ ಕಡಿಮೆಯಾಗಲಿಲ್ಲ.

ಪಂದ್ಯಕ್ಕೆ ಎಂಟು ದಿನ ಇರುವಾಗ, ಶನಿವಾರ, ಕೋಲು ಮನೆಗೆ ಬಂತು. ಮಗಳು ತೋರಿಸಲು ತಂದಳು. ನೇರಪ್ಪ ಕನ್ನಡಕ ಹುಡುಕುವ ನೆಪ ಮಾಡಿ ಎದ್ದುಹೋದ. ಅವಳು ಕೋಲನ್ನು ಚೀಲಕ್ಕೆ ಹಾಕಿ ತನ್ನ ಕೋಣೆಯ ಬಾಗಿಲ ಹಿಂದೆ ಇಟ್ಟಳು.

ಎರಡು ದಿನ ಅವನು ಆ ಬಾಗಿಲ ಮುಂದೆ ಏನೇನೋ ಕೆಲಸ ಇಟ್ಟುಕೊಂಡು ಓಡಾಡಿದ. ಸೋಮವಾರ ಮಧ್ಯಾಹ್ನ ಮಗಳು ಗೋದಾಮಿಗೆ, ಹೆಂಡತಿ ಮಾರ್ಕೆಟ್ಟಿಗೆ ಹೋದ ಮೇಲೆ, ತನ್ನ ಮನೆಯಲ್ಲೇ ಕಳ್ಳನ ಹಾಗೆ ಬಾಗಿಲು ಸರಿಸಿ ಚೀಲ ಎತ್ತಿಕೊಂಡು ಹಿಂದಿನ ಕೋಣೆಗೆ ಹೋದ.

ಗಾಜಿನ ಮೇಲೆ ಉರುಳಿಸಿದ. ಕೋಲು ಸದ್ದಿಲ್ಲದೆ ಉರುಳಿತು, ಎಲ್ಲೂ ಕುಪ್ಪಳಿಸಲಿಲ್ಲ. ತಿರುಪು ಬಿಚ್ಚಿ ನೋಡಿದ, ತಾನು ಕಲಿಸಿದ ಅಳತೆಯೇ. ಹಿಡಿಯ ಕುಸುರಿಗೆ ಉಗುರು ಹಚ್ಚಿ ನೋಡಿದ, ಉಗುರಿಗೆ ಏನೂ ಸಿಗಲಿಲ್ಲ. ಕಪ್ಪು ಮರದಲ್ಲಿ ಕೂರಿಸಿದ ಬಿಳಿ ಎಲೆಗಳು ಅಷ್ಟು ಚೂಪಾಗಿದ್ದವು, ಇವನ ಕೈಯಲ್ಲಿ ಈ ವಯಸ್ಸಿಗೆ ಅದು ಆಗುತ್ತಿರಲಿಲ್ಲ. ಕೊನೆಗೆ ಕಣ್ಣು ಮುಚ್ಚಿ, ಶಾಫ್ಟನ್ನು ತುದಿಯಿಂದ ಹಿಂದಕ್ಕೆ ಎರಡು ಬೆರಳಲ್ಲಿ ಸವರುತ್ತ ಬಂದ. ತುದಿಯಿಂದ ಒಂದು ಗೇಣು ಬಂದ ಮೇಲೆ ಬೆರಳು ನಿಂತಿತು. ಮತ್ತೆ ಸವರಿದ. ಅಲ್ಲಿ ಒಂದು ಉಬ್ಬು ಇತ್ತು. ಅಲ್ಲಿಂದ ಇನ್ನೊಂದು ಗೇಣಿನ ತನಕ ಮರ ಕೂದಲೆಳೆಯಷ್ಟು ದಪ್ಪಗಾಗಿ, ಆಮೇಲೆ ಮತ್ತೆ ಸರಿಯಾದ ಇಳಿಜಾರಿಗೆ ಬರುತ್ತಿತ್ತು. ಅಳತೆ ಹಿಡಿದು ನೋಡಿದ. ನಿಜ.

ನೇರಪ್ಪನಿಗೆ ಹಾಲು ಕುಡಿದಷ್ಟು ಖುಷಿಯಾಯಿತು. ಸುಳ್ಳು ಯಾಕೆ ಹೇಳಬೇಕು, ಮೂರು ವರ್ಷದಲ್ಲಿ ಅವನು ಅಷ್ಟು ಖುಷಿಪಟ್ಟಿರಲಿಲ್ಲ. ಊರೆಲ್ಲ ಹೊಗಳುವ ಕೈ ಲೇಥಿನ ಮೇಲೆ ತಡವರಿಸಿದೆ, ಅದೂ ಶಾಫ್ಟಿನಲ್ಲಿ. ಸ್ಟೂಲಿನ ಮೇಲೆ ಕೂತು ಒಂದು ನಿಮಿಷ ತಾನೊಬ್ಬನೇ ನಕ್ಕ. ಆಮೇಲೆ ಅವನಿಗೆ ಮಗಳು ನೆನಪಾದಳು. ಭಾನುವಾರ ಅವಳು ಈ ಕೋಲಿನಲ್ಲಿ ಆಡಬೇಕು. ಹೇಳಿದರೆ ಹೊಟ್ಟೆಕಿಚ್ಚು ಅನ್ನುತ್ತಾರೆ, ಹೇಳದಿದ್ದರೆ ಅವಳಿಗೆ ತೊಂದರೆ. ಸರಿ, ಯಾರಿಗೂ ಹೇಳುವುದು ಬೇಡ, ತಾನೇ ಸರಿಮಾಡಿ ಇಟ್ಟುಬಿಡೋಣ ಅಂತ ತೀರ್ಮಾನಿಸಿದ. ತೀರ್ಮಾನಿಸುವಾಗ ತಾನು ಎಷ್ಟು ದೊಡ್ಡ ಮನುಷ್ಯ ಅಂತಲೂ ಅನ್ನಿಸಿತು.

ಶಾಫ್ಟನ್ನು ಲೇಥಿಗೆ ಕಟ್ಟಿದ. ಉಪ್ಪುಕಾಗದ ಮಡಚಿ ಹಿಡಿದು, ನಿಧಾನವಾಗಿ ಉಬ್ಬನ್ನು ಇಳಿಸಿದ. ಇನ್ನೂ ನಯವಾದ ಕಾಗದ, ಆಮೇಲೆ ಚರ್ಮದ ಪಟ್ಟಿ ಹಿಡಿದು ಮರ ಬಿಸಿಯಾಗುವ ತನಕ ಮೆರುಗು. ಮುಗಿದಾಗ ಇಳಿಜಾರು ತುದಿಯಿಂದ ತಿರುಪಿನ ತನಕ ಒಂದೇ ಗೆರೆಯಲ್ಲಿತ್ತು. ಕೋಲನ್ನು ಚೀಲಕ್ಕೆ ಹಾಕಿ ಬಾಗಿಲ ಹಿಂದೆ ಮೊದಲಿದ್ದ ಹಾಗೇ ಇಟ್ಟ. ಆ ಸಂಜೆ ನಿನ್ನ ತಮ್ಮ ಹೇಗಿದ್ದಾನೆ ಅಂತ ಹೆಂಡತಿಯನ್ನು ತಾನಾಗೇ ವಿಚಾರಿಸಿದ. ಹೆಂಡತಿ ಹಣೆ ಮುಟ್ಟಿ ಜ್ವರ ಇದೆಯಾ ಅಂತ ನೋಡಿದಳು.

ಮಂಗಳವಾರ ಸಂಜೆ ಮಗಳು ಕ್ಲಬ್ಬಿನಿಂದ ಬೇಗ ಬಂದಳು. ಕೋಲಿಗೆ ಏನೋ ಆಗಿದೆ ಅಂತ ಅಮ್ಮನ ಹತ್ತಿರ ಹೇಳುವುದು ಅವನಿಗೆ ಕೇಳಿಸಿತು. ಕೈಯಲ್ಲಿ ನಿಲ್ಲುತ್ತಿಲ್ಲವಂತೆ, ಹೊಡೆದ ಚೆಂಡೆಲ್ಲ ಬೆರಳಗಲ ಪಕ್ಕಕ್ಕೆ ಹೋಗುತ್ತಿದೆಯಂತೆ. ಚೀಲ ಹೆಗಲಿಗೆ ಹಾಕಿಕೊಂಡು ಪಕ್ಕದ ಬೀದಿಗೆ ಹೋದಳು. ನೇರಪ್ಪ ಹಿಂದಿನ ಕೋಣೆಯಲ್ಲೇ ಕೂತಿದ್ದ. ಹೊಸದಕ್ಕೆ ಕೈ ಹೊಂದಬೇಕು, ಎರಡು ದಿನ ಹಿಡಿಯುತ್ತದೆ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡ.

ಮರುದಿನ ಬೆಳಗ್ಗೆ ಭಾಮೈದ ಬಂದ. ಹಿಂದೆ ಮಗಳು. ಭಾಮೈದ ಎಂದಿನ ಹಾಗೆ ಚಪ್ಪಲಿ ಹೊರಗೆ ಬಿಟ್ಟು, ಕೊಕ್ಕೆಯ ಕೋಲುಗಳಿಗೆ ತಾಗದ ಹಾಗೆ ತಲೆ ಬಗ್ಗಿಸಿ ಒಳಗೆ ಬಂದು, ಶಾಫ್ಟನ್ನು ಗಾಜಿನ ಮೇಲೆ ಇಟ್ಟ.

"ಎಷ್ಟು ತೆಗೆದ್ರಿ ಭಾವ?" ಅಂದ.

ತೆಗೆದಿರಾ ಅಂತ ಕೇಳಲಿಲ್ಲ. ಚರ್ಮದ ಮೆರುಗು ಯಾರ ಕೈಯದು ಅಂತ ಗೊತ್ತಾಗದೇ ಇರಲು ಅವನು ಏಳು ವರ್ಷ ಈ ಕೋಣೆಯಲ್ಲಿ ಸುಮ್ಮನೆ ನಿಂತಿರಲಿಲ್ಲ. ನೇರಪ್ಪ ಇದೇ ಗಳಿಗೆಗೆ ಕಾದವನ ಹಾಗೆ ಎದ್ದು ನಿಂತ. ಉಬ್ಬಿತ್ತು, ತೆಗೆದೆ, ಅಂದ. ಶಾಫ್ಟಿನಲ್ಲಿ ಅಂಥ ತಪ್ಪು ಬಿಟ್ಟರೆ ನಾಳೆ ನನ್ನ ಹೆಸರಿಗೂ ಕೆಟ್ಟದ್ದು, ನಿನ್ನ ಮಾನ ಉಳೀಲಿ ಅಂತಲೇ ಯಾರಿಗೂ ಹೇಳಲಿಲ್ಲ, ಅಂದ. ಹೇಳುತ್ತ ಹೇಳುತ್ತ ದನಿ ಏರಿತು. ಮೂರು ವರ್ಷ ಒಳಗಿಟ್ಟುಕೊಂಡದ್ದೆಲ್ಲ ಬಂತು: ಬೇಗ ಮಾಡುವ ಚಪಲ, ಹೊಗಳಿಕೆಯ ಹುಚ್ಚು, ಕುಸುರಿ ಮಾಡಿದ ಮಾತ್ರಕ್ಕೆ ಯಾರೂ ಕೋಲಿನವನಾಗುವುದಿಲ್ಲ ಅನ್ನುವ ತನಕ.

ಭಾಮೈದ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡ. ಆಮೇಲೆ ಮಗಳ ಕಡೆ ತಿರುಗಿ, "ಬೆರಳು ತೋರ್ಸಮ್ಮ" ಅಂದ.

ಅವಳು ಎಡಗೈಯನ್ನು ಗಾಜಿನ ಮೇಲೆ ಊರಿ, ತೋರುಬೆರಳನ್ನು ಶಾಫ್ಟಿನ ಸುತ್ತ ಉಂಗುರದ ಹಾಗೆ ಬಳಸಿದಳು. ಪೂಲ್ ಆಡುವವರು ಕೋಲನ್ನು ಓಡಿಸುವುದೇ ಆ ಉಂಗುರದ ಒಳಗೆ. ಬೇರೆಯವರ ಬೆರಳಾದರೆ ಮರಕ್ಕೆ ಮೆತ್ತಿಕೊಳ್ಳುತ್ತದೆ. ಅವಳ ಬೆರಳು ಪೂರ್ತಿ ಮಡಚಲಿಲ್ಲ. ಬೆರಳಿಗೂ ಮರಕ್ಕೂ ನಡುವೆ ಕೂದಲೆಳೆಯಷ್ಟು ಜಾಗ ಉಳಿಯಿತು. ಕೋಲು ಉಂಗುರದೊಳಗೆ ಅಲುಗಾಡಿತು. ಆ ಜಾಗ ತುಂಬಲಿ ಅಂತಲೇ ಉಬ್ಬು ಬಿಟ್ಟದ್ದು.

ಹದಿನಾಲ್ಕು ವರ್ಷದವಳಿದ್ದಾಗ ಶಾಲೆಯ ಕಬ್ಬಿಣದ ಗೇಟಿಗೆ ಸಿಕ್ಕಿ ಆ ಬೆರಳು ಮುರಿದಿತ್ತು. ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದವನು ನೇರಪ್ಪನೇ. ಆರು ವಾರ ಬ್ಯಾಂಡೇಜು, ಆಮೇಲೆ ಬೆರಳು ಸರಿಹೋಯಿತು ಅಂತ ಎಲ್ಲರೂ ಅಂದುಕೊಂಡರು. ಅದಾದ ಮೇಲೆ ಅವನು ಅವಳಿಗೆ ನಾಲ್ಕು ಕೋಲು ಮಾಡಿಕೊಟ್ಟಿದ್ದ. ನಾಲ್ಕೂ ಗಾಜಿನ ಮೇಲೆ ಉರುಳಿಸಿದರೆ ಸದ್ದು ಬರುವಂತಿರಲಿಲ್ಲ. ಆಡುವ ಮೊದಲು ಅವಳು ಆ ಬೆರಳಿಗೆ ಬಟ್ಟೆಯ ಟೇಪು ಸುತ್ತಿಕೊಳ್ಳುತ್ತಿದ್ದಳು, ಎರಡು ಸುತ್ತು, ಕೆಲವು ಸಲ ಮೂರು. ಬೆರಳು ಉಜ್ಜಿಹೋಗದಿರಲಿ ಅಂತ ಸುತ್ತುತ್ತಾಳೆ ಅಂತ ಅವನು ತಿಳಿದಿದ್ದ. ಆ ಟೇಪಿನ ಸುರುಳಿಗಳನ್ನು ಅವನೇ ಕೊಂಡು ತಂದುಕೊಡುತ್ತಿದ್ದ.

"ಇವನಿಗೆ ನೀನು ಹೇಳಿದ್ಯಾ?" ಅಂತ ಕೇಳಿದ.

"ಇಲ್ಲಪ್ಪ. ಎರಡು ದಿನ ಕ್ಲಬ್ಬಿಗೆ ಬಂದು ಕೂತಿದ್ದ. ಅವನೇ ನೋಡಿದ."

ಭಾಮೈದ ಬೈದಿದ್ದರೆ ನೇರಪ್ಪ ತಡೆದುಕೊಳ್ಳುತ್ತಿದ್ದ. ಹೇಳಿಕೊಟ್ಟಿದ್ದಾಳೆ ಅಂತಾಗಿದ್ದರೂ ಮಗಳ ಮೇಲೆ ಸಿಟ್ಟಾಗಬಹುದಿತ್ತು. ಭಾಮೈದ ಸುಮ್ಮನೆ ಎರಡು ದಿನ ಕೂತು ನೋಡಿದ, ಅಪ್ಪ ಹತ್ತು ವರ್ಷದಲ್ಲಿ ನೋಡದ್ದನ್ನು. ನೇರಪ್ಪನಿಗೆ ಆ ಕ್ಷಣ ಭಾಮೈದನ ಕುಸುರಿಯ ಮೇಲೆ, ಗಿರಾಕಿಗಳ ಮೇಲೆ ಇದ್ದ ಉರಿಯೆಲ್ಲ ಏನೂ ಅಲ್ಲ ಅನ್ನಿಸಿತು. ಈ ಒಂದಕ್ಕೆ ಆದ ಹೊಟ್ಟೆಯುರಿಯಲ್ಲಿ ಅವನು ನಿಂತಲ್ಲೇ ಬೆಂದುಹೋದ.

ಭಾಮೈದ ನಿಧಾನವಾಗಿ ಮಾತು ತೆಗೆದ. ತೆಗೆದ ಮರ ಮತ್ತೆ ಬರುವುದಿಲ್ಲ. ಹೊಸ ಶಾಫ್ಟೇ ಆಗಬೇಕು. ತನ್ನ ಹತ್ತಿರ ಇರುವುದೆಲ್ಲ ಹಸಿ ಮರ, ಇನ್ನೂ ಒಂದು ವರ್ಷ ನೇತಾಡಬೇಕು, ಹಳೆಯದೆಲ್ಲ ಗಿರಾಕಿಗಳ ಕೋಲಿಗೆ ಹೋಯಿತು. "ನೀವೇ ಮಾಡ್ಬೇಕು ಭಾವ. ತಿರುಪು ಹೇಗೂ ಒಂದೇ ಅಳತೆ," ಅಂದ. ಉಬ್ಬಿನ ಅಳತೆಗಳನ್ನು ಒಂದು ಚೀಟಿಯಲ್ಲಿ ಬರೆದು ಗಾಜಿನ ಮೇಲಿಟ್ಟು, ಬಂದ ಹಾಗೇ ತಲೆ ಬಗ್ಗಿಸಿಕೊಂಡು ಹೋದ.

ನೇರಪ್ಪ ತೊಲೆಯ ಕೊನೆಯ ಹನ್ನೆರಡನ್ನೂ ಇಳಿಸಿದ. ಒಂದೊಂದನ್ನೂ ಉರುಳಿಸಿ, ತಟ್ಟಿ, ಕಣ್ಣಿಗೆ ಹಿಡಿದು, ಅದರಲ್ಲಿ ಒಂದನ್ನು ಆರಿಸಿದ. ಗುರುವಾರ ಪೂರ್ತಿ, ಶುಕ್ರವಾರ ಮಧ್ಯಾಹ್ನದ ತನಕ ಕೆಲಸ ಹಿಡಿಯಿತು. ಗೆರೆ ನೇರಕ್ಕೆ ಬರುತ್ತಿದ್ದ ಹಾಗೆ ಕೈ ತನ್ನಷ್ಟಕ್ಕೆ ಮುಂದಕ್ಕೆ ಹೋಗುತ್ತಿತ್ತು, ಅದನ್ನು ಹಿಡಿದು ನಿಲ್ಲಿಸಬೇಕಾಗುತ್ತಿತ್ತು. ಗೊತ್ತಿದ್ದೂ ಗೊತ್ತಿದ್ದೂ ಉಬ್ಬು ಬಿಡುವುದೆಂದರೆ ಅವನಿಗೆ ಮೈಯೆಲ್ಲ ಪರಚಿಕೊಳ್ಳುವಂತಾಗುತ್ತಿತ್ತು. ಗೋದಾಮಿಗೆ ರಜೆ ಹಾಕಿ ಮಗಳು ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತಿದ್ದಳು. ಲೇಥ್ ನಿಲ್ಲಿಸಿದಾಗಲೆಲ್ಲ ಅವಳ ಬೆರಳನ್ನು ತಾನೇ ಹಿಡಿದು ಮರದ ಸುತ್ತ ಬಳಸಿ ನೋಡುತ್ತಿದ್ದ. ಆ ಬೆರಳಿನ ನಡುಗೆಣ್ಣು ಸ್ವಲ್ಪ ದಪ್ಪಗಿತ್ತು, ಒತ್ತಿದರೆ ಅವಳು ಮುಖ ಹಿಂಡುತ್ತಿದ್ದಳು. ಇದನ್ನೆಲ್ಲ ಅವನು ಮೊದಲ ಸಲ ನೋಡುತ್ತಿದ್ದ.

ಶುಕ್ರವಾರ ಹಿಡಿಗೆ ಶಾಫ್ಟ್ ತಿರುಗಿಸಿದ. ಕಪ್ಪು ಹಿಡಿ ಭಾಮೈದನದು, ಬಿಳಿ ಮರ ಇವನದು. ಮಗಳು ಮೇಜಿನ ಮೇಲೆ ಬಾಗಿ, ಕೋಲನ್ನು ಹತ್ತು ಹದಿನೈದು ಸಲ ಹಿಂದೆ ಮುಂದೆ ಓಡಿಸಿದಳು. ಟೇಪು ಇರಲಿಲ್ಲ.

"ಚೆನ್ನಾಗಿದೆ ಅಪ್ಪ," ಅಂದಳು. ಆಮೇಲೆ, "ಮಾವ ಒಂದ್ಸಲ ನೋಡ್ಲಾ?" ಅಂದಳು.

ನೇರಪ್ಪ ಅವಳ ಕೈಯಿಂದ ಕೋಲು ತಗೊಂಡ. ಅವಳು ಜೊತೆಗೆ ಹೊರಟಾಗ, ಬೇಡ, ನಾನೇ ಹೋಗ್ತೀನಿ ಅಂದ. ಪಕ್ಕದ ಬೀದಿಗೆ ಅವನು ಕಾಲಿಟ್ಟು ಮೂರು ವರ್ಷ ಆಗಿತ್ತು. ಭಾಮೈದ ಕೋಣೆಯಲ್ಲಿ ಅಂಟು ಕಲಸುತ್ತಿದ್ದವನು ಗಡಬಡಿಸಿ ಎದ್ದು, ಕೈ ಒರೆಸಿಕೊಂಡು, ಕುರ್ಚಿ ಎಳೆದುಕೊಟ್ಟ. ನೇರಪ್ಪ ಕೂರಲಿಲ್ಲ. ಭಾಮೈದ ಕೋಲನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಕಣ್ಣು ಮುಚ್ಚಿ, ತುದಿಯಿಂದ ಹಿಂದಕ್ಕೆ ಸವರಿದ. ಒಂದು ಕಡೆ ಬೆರಳು ತಡೆಯಿತು, ತಡೆದದ್ದನ್ನು ಮರೆಸಿ ಮುಂದೆ ಹೋಯಿತು.

"ತುಂಬಾ ಚೆನ್ನಾಗಿ ಬಂದಿದೆ ಭಾವ."

"ಎಲ್ಲಿ?" ಅಂತ ನೇರಪ್ಪ ಕೇಳಿದ.

"ಏನು ಭಾವ?"

"ನಿನ್ನ ಬೆರಳು ನಿಂತಿತ್ತಲ್ಲ. ಎಲ್ಲಿ ಅದು, ತೋರ್ಸು."

ಭಾಮೈದ ಅವನ ಮುಖ ನೋಡಿದ, ನೆಲ ನೋಡಿದ. ಆಮೇಲೆ ಉಬ್ಬು ಇಳಿಯುವ ಕಡೆ, ಹಿಂಬದಿಯಲ್ಲಿ, ಉಗುರಿನ ತುದಿ ಇಟ್ಟ. "ಇಲ್ಲಿ ಒಂಚೂರು ಜಾಸ್ತಿ ಇದೆ. ಹೊಡೆತ ಉದ್ದ ಆದ್ರೆ ಬೆರಳು ಹಿಡ್ಕೊಳ್ಳತ್ತೆ."

ನೇರಪ್ಪ ತನ್ನ ಬೆರಳಿಟ್ಟು ನೋಡಿದ. ಸುಳ್ಳಾಗಿರಲಿ ಅಂತ ಮನಸಾರೆ ಆಸೆಪಟ್ಟ. ಸುಳ್ಳಾಗಿರಲಿಲ್ಲ. ಹೊಟ್ಟೆಯೊಳಗೆ ಬೆಂಕಿ ಹಾಗೇ ಇತ್ತು, ಒಂದು ಕಿಡಿಯೂ ಕಡಿಮೆಯಾಗಿರಲಿಲ್ಲ. ಅವನು ಕೋಲು ತಗೊಂಡು, ಭಾಮೈದ ಉಗುರಿಟ್ಟ ಜಾಗವನ್ನು ಹೆಬ್ಬೆರಳಲ್ಲಿ ಒತ್ತಿಹಿಡಿದುಕೊಂಡೇ ಮನೆಗೆ ನಡೆದ, ಶಾಫ್ಟನ್ನು ಲೇಥಿಗೆ ಕಟ್ಟಿದ, ಆ ಒಂಚೂರನ್ನು ತೆಗೆದ.